ನಾಟಕದ ಮೇಷ್ಟ್ರಿಗೆ ಏನು ಕೆಲಸ?

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ‘ನಾಟಕ ವಿಭಾಗದ ಪ್ರಾಧ್ಯಾಪಕರು’ ಎಂದು ಅಚ್ಚು ಹಾಕಿಸಿದ್ದಾರೆ. ಅದನ್ನು ಓದಿದ ನಮ್ಮ ಬೀದಿಯ ಹಿರಿಯರೊಬ್ಬರು ನಿನ್ನೆ ಸಂಜೆ ನನ್ನನ್ನು ಹಿಡಿದು ನಿಲ್ಲಿಸಿದರು. “ಅಲ್ಲ ಕಣಪ್ಪಾ, ಬರೆಯೋನು ಬರೀತಾನೆ, ಆಡೋನು ಆಡ್ತಾನೆ, ಹಾರ್ಮೋನಿಯಂ ಮೇಷ್ಟ್ರು ಪದ ಕಲಿಸ್ತಾನೆ. ನಡುವೆ ಪ್ರೊಫೆಸರ್‌ಗೆ ಏನು ಕೆಲಸ?” ಎಂದರು.

ಪ್ರಶ್ನೆ ನ್ಯಾಯವಾದದ್ದೇ. ಹಳೆಯ ವಿದ್ಯಾರ್ಥಿ ಸಂಘದವರು ‘ನಿಮ್ಮ ವೃತ್ತಿಯ ಬಗ್ಗೆ ಮಾತಾಡಿ’ ಎಂದಿದ್ದರು. ನನ್ನ ವೃತ್ತಿಯ ಕಥೆಯಲ್ಲಿ ಹಾಜರಿ ಪುಸ್ತಕ, ಉತ್ತರ ಪತ್ರಿಕೆ, ವಿಭಾಗದ ಸಭೆ, ಇವೇ ಹೆಚ್ಚು. ಅದನ್ನು ಹೇಳಿ ನಿಮ್ಮ ಮಧ್ಯಾಹ್ನದ ನಿದ್ದೆಗೆ ಸಹಾಯ ಮಾಡುವುದು ಬೇಡ. ಇದೇ ಕೆಲಸವನ್ನು ನಮಗಿಂತ ಬಹಳ ದೊಡ್ಡದಾಗಿ ಮಾಡಿ, ಅದಕ್ಕಾಗಿ ಪೆಟ್ಟನ್ನೂ ತಿಂದ ಒಬ್ಬ ನಾಟಕದ ಮೇಡಂ ಕಥೆ ಹೇಳುತ್ತೇನೆ. ಅವರ ಹೆಸರು ಹ್ಯಾಲಿ ಫ್ಲಾನಗನ್. ಅಮೆರಿಕದವರು. ನಮ್ಮ ಪಠ್ಯಪುಸ್ತಕದಲ್ಲಿ ಅವರ ಹೆಸರು ಬರುವುದಿಲ್ಲ.

ಅದಕ್ಕೆ ಮೊದಲು ಒಂದು ಪದ. ಯುರೋಪಿನ ನಾಟಕಶಾಲೆಗಳಲ್ಲಿ ‘ಡ್ರಾಮಟರ್ಗ್’ ಎಂಬ ಹುದ್ದೆಯಿದೆ. ಹೆಸರು ಕೇಳಿ ಹೆದರಬೇಡಿ. ಜರ್ಮನಿಯ ಹ್ಯಾಂಬರ್ಗ್ ಪಟ್ಟಣದಲ್ಲಿ 1767ರಲ್ಲಿ ಒಂದು ರಾಷ್ಟ್ರೀಯ ನಾಟಕಶಾಲೆ ಶುರುವಾಯಿತು. ಅಲ್ಲಿ ಲೆಸಿಂಗ್ ಎಂಬ ಬರಹಗಾರನನ್ನು ಸಂಬಳ ಕೊಟ್ಟು ಇಟ್ಟುಕೊಂಡರು. ಆಡಿದ ನಾಟಕಗಳನ್ನು ನೋಡಿ, ಯಾವುದು ಸರಿ, ಯಾವುದು ಸಡಿಲ, ಯಾಕೆ ಎಂದು ಬರೆಯುವುದು ಅವನ ಕೆಲಸ. ಅಭಿನಯದ ತಪ್ಪು ಬರೆದಾಗ ನಟರು ಮುನಿಸಿಕೊಂಡರು. ಅವನು ಅಭಿನಯದ ಸುದ್ದಿ ಬಿಟ್ಟು ನಾಟಕದ ಸುದ್ದಿಯನ್ನಷ್ಟೇ ಬರೆಯತೊಡಗಿದ. ಎರಡು ವರ್ಷ ತುಂಬುವುದರೊಳಗೆ ನಾಟಕಶಾಲೆಯೇ ಬಾಗಿಲು ಹಾಕಿತು. ಅವನು ಬರೆದದ್ದು ಉಳಿಯಿತು, ಇವತ್ತಿಗೂ ನಾವು ಪಾಠ ಹೇಳುತ್ತೇವೆ. ಆ ಕೆಲಸಕ್ಕೇ ಆ ಹೆಸರು ನಿಂತಿತು. ಈ ನಾಟಕ ಯಾಕೆ, ಈ ಊರಿಗೆ ಯಾಕೆ, ಈಗ ಯಾಕೆ, ಇಷ್ಟುದ್ದ ಯಾಕೆ ಎಂದು ಪರದೆ ಏಳುವ ಮೊದಲೇ ಕೇಳುವವರು ಒಬ್ಬರು ಬೇಕು. ನಮ್ಮ ಕಡೆ ‘ಕುರುಕ್ಷೇತ್ರ’ ಕಲಿಸುವ ಹಾರ್ಮೋನಿಯಂ ಮೇಷ್ಟ್ರು ಇದರಲ್ಲಿ ಅರ್ಧ ಕೆಲಸ ಮಾಡುತ್ತಾರೆ. ಬೆಳಗಾಗುವುದರೊಳಗೆ ದುರ್ಯೋಧನ ಸಾಯಬೇಕಾದರೆ ಯಾವ ಪದ್ಯ ಬಿಡಬೇಕು ಎಂದು ಅವರಿಗೆ ಗೊತ್ತು. ಆದರೆ ದುಡ್ಡು ಕೊಟ್ಟು ಕೃಷ್ಣನ ಪಾತ್ರ ಹಿಡಿದವರಿಗೆ ‘ನಿಮ್ಮ ಪದ್ಯ ಎರಡು ಕಡಿಮೆ ಮಾಡೋಣ’ ಎಂದು ಹೇಳುವ ಧೈರ್ಯ ಯಾರಿಗಿದೆ? ಉಳಿದರ್ಧ ಕೆಲಸ ಅದು.

ಈಗ ಫ್ಲಾನಗನ್ ಅವರ ಕಥೆಗೆ ಬರುತ್ತೇನೆ. ಅವರು ಹುಟ್ಟಿದ್ದು 1890ರಲ್ಲಿ, ಸೌತ್ ಡಕೋಟದ ರೆಡ್‌ಫೀಲ್ಡ್ ಎಂಬ ಚಿಕ್ಕ ಊರಿನಲ್ಲಿ. ಬೆಳೆದದ್ದು, ಓದಿದ್ದು ಅಯೋವಾ ರಾಜ್ಯದ ಗ್ರಿನೆಲ್‌ನಲ್ಲಿ, ಮೆಕ್ಕೆಜೋಳ ಬೆಳೆಯುವ ಸೀಮೆಯಲ್ಲಿ. ಮದುವೆಯಾಯಿತು, ಎರಡು ಗಂಡು ಮಕ್ಕಳಾದವು. 1919ರಲ್ಲಿ ಗಂಡ ಕ್ಷಯದಿಂದ ತೀರಿಕೊಂಡರು. ಮೂರು ವರ್ಷದಲ್ಲಿ ಹಿರಿಯ ಮಗನೂ ಮಿದುಳು ಜ್ವರದಿಂದ ಹೋದ. ಉಳಿದ ಒಬ್ಬ ಮಗನನ್ನು ಸಾಕುವುದಕ್ಕೆ ಆಕೆ ಕಾಲೇಜಿನಲ್ಲಿ ಪಾಠ ಹೇಳುತ್ತಾ ನಾಟಕ ಬರೆಯತೊಡಗಿದರು. 1923ರಲ್ಲಿ, ಮೂವತ್ತು ದಾಟಿದ ಮೇಲೆ, ಮತ್ತೆ ವಿದ್ಯಾರ್ಥಿನಿಯಾಗಿ ಹಾರ್ವರ್ಡ್‌ಗೆ ಹೋದರು. ಅಲ್ಲಿ ಜಾರ್ಜ್ ಪಿಯರ್ಸ್ ಬೇಕರ್ ಎಂಬ ಮೇಷ್ಟ್ರಿದ್ದರು.

ಈ ಬೇಕರ್ ಮೇಷ್ಟ್ರ ಬಗ್ಗೆ ಸ್ವಲ್ಪ ನಿಲ್ಲಲೇಬೇಕು. ಇಂಗ್ಲಿಷ್ ವಿಭಾಗದಲ್ಲಿ ಅವರು ಕಲಿಸುತ್ತಿದ್ದ ನಾಟಕ ರಚನೆಯ ಪಾಠದ ಸಂಖ್ಯೆ 47. ಅದಕ್ಕೆ ಅಂಟಿಕೊಂಡು ಹುಟ್ಟಿದ ಕಮ್ಮಟಕ್ಕೆ ‘47ರ ಕಮ್ಮಟ’ ಎಂದೇ ಹೆಸರಾಯಿತು. ವಿದ್ಯಾರ್ಥಿಗಳು ಬರೆದ ನಾಟಕವನ್ನು ಅಲ್ಲೇ ಆಡಿಸುತ್ತಿದ್ದರು. ನೋಡುವುದಕ್ಕೆ ಟಿಕೆಟ್ ಮಾರುತ್ತಿರಲಿಲ್ಲ. ಆಹ್ವಾನಿತರಿಗೆ ಮಾತ್ರ ಪ್ರವೇಶ. ಅವರಿಗೂ ಒಂದು ಷರತ್ತಿತ್ತು. ನಾಟಕ ನೋಡಿದ ಪ್ರತಿಯೊಬ್ಬರೂ ಕೆಲವು ದಿನದೊಳಗೆ ತಮ್ಮ ಅಭಿಪ್ರಾಯ ಬರೆದು ಕಳಿಸಬೇಕು. ಬೇಕರ್ ಅದರಲ್ಲಿನ ಹೆಸರು ತೆಗೆದು ನಾಟಕ ಬರೆದವರ ಕೈಗೆ ಕೊಡುತ್ತಿದ್ದರು. ಬರೆಯದವರಿಗೆ ಮುಂದಿನ ಸಲ ಜಾಗವಿಲ್ಲ. ಪ್ರೇಕ್ಷಕರಿಗೂ ಮನೆಪಾಠ ಕೊಟ್ಟ ಮೇಷ್ಟ್ರು ಅವರು!

1914ರಲ್ಲಿ ಈ ಮೇಷ್ಟ್ರ ತರಗತಿಗೆ ಯೂಜೀನ್ ಓ’ನೀಲ್ ಎಂಬ ಯುವಕ ಬಂದ. ಪ್ರಿನ್ಸ್‌ಟನ್ನಿನಲ್ಲಿ ಓದು ಅರ್ಧಕ್ಕೇ ನಿಂತು, ಹಡಗಿನಲ್ಲಿ ದುಡಿದು, ಕ್ಷಯದ ಆಸ್ಪತ್ರೆಯಿಂದ ಎದ್ದು ಬಂದವನು. ಒಂದು ವರ್ಷ ಕೂತು ಹೋದ. 1936ರಲ್ಲಿ ಅವನಿಗೆ ನೊಬೆಲ್ ಬಂತು. ಅದೇ ತರಗತಿಯಲ್ಲಿ ಮುಂದೆ ಥಾಮಸ್ ವುಲ್ಫ್ ಕೂತ. ಅವನ ನಾಟಕಗಳು ಹನುಮಂತನ ಬಾಲ. ಯಾವ ಕಂಪನಿಯೂ ಕೊಳ್ಳಲಿಲ್ಲ. ಅವನು ಕಾದಂಬರಿಕಾರನಾಗಿ ಹೆಸರು ಮಾಡಿದ, ಮಾಡಿ ಅದೇ ಮೇಷ್ಟ್ರನ್ನು ಕಾದಂಬರಿಯಲ್ಲಿ ಗೇಲಿ ಮಾಡಿದ. ಆ ಪುಸ್ತಕ ಹೊರಬಂದದ್ದು 1935ರಲ್ಲಿ, ಬೇಕರ್ ತೀರಿಕೊಂಡ ಎರಡು ತಿಂಗಳಿಗೆ. ಇಲ್ಲಿ ಕೂತಿರುವ ಮೇಷ್ಟ್ರುಗಳು ನಗುತ್ತಿದ್ದೀರಿ, ನಿಮಗೆ ಗೊತ್ತು. ಹಾರ್ವರ್ಡ್ ಮಾತ್ರ ನಾಟಕ ರಚನೆಗೆ ಪದವಿ ಕೊಡುವುದಕ್ಕೆ ಕೊನೆಗೂ ಒಪ್ಪಲಿಲ್ಲ. ಬೇಕರ್ 1925ರಲ್ಲಿ ಯೇಲ್ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿ ನಾಟಕ ವಿಭಾಗ ಕಟ್ಟಿದರು.

ಅದೇ ವರ್ಷ ಫ್ಲಾನಗನ್ ನ್ಯೂಯಾರ್ಕ್ ರಾಜ್ಯದ ವ್ಯಾಸರ್ ಎಂಬ ಹೆಣ್ಣುಮಕ್ಕಳ ಕಾಲೇಜಿಗೆ ಸೇರಿದರು. ಮರುವರ್ಷವೇ ಗುಗ್ಗೆನ್‌ಹೈಮ್ ವಿದ್ಯಾರ್ಥಿವೇತನ ಸಿಕ್ಕಿ ಯುರೋಪಿಗೆ ಹೋದರು. ಊರೂರು ಅಲೆದು ನಾಟಕ ನೋಡಿದರು, ರಷ್ಯಾಕ್ಕೂ ಹೋಗಿ ಅಲ್ಲಿನ ಹೊಸ ಪ್ರಯೋಗ ಕಂಡು ಬೆರಗಾಗಿ ಪುಸ್ತಕ ಬರೆದರು. ಈ ರಷ್ಯಾ ಪ್ರಯಾಣವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಹಿಂತಿರುಗಿ ಬಂದವರು 1927ರಲ್ಲಿ ಚೆಕಾಫ್‌ನ ಒಂದು ಪುಟ್ಟ ಪ್ರಹಸನ ಆರಿಸಿಕೊಂಡರು. ಹೆಣ್ಣು ಕೇಳಲು ಬಂದ ಗಂಡು, ಕೇಳಬೇಕಾದ್ದನ್ನು ಕೇಳುವ ಮೊದಲೇ, ಹುಡುಗಿಯ ಜೊತೆ ಎರಡು ಮನೆಯ ನಡುವಿನ ಹುಲ್ಲುಗಾವಲು ಯಾರದ್ದೆಂದು ಜಗಳಕ್ಕೆ ಬೀಳುವ ಕಥೆ. ರಷ್ಯಾದ ಕಥೆ ಅನ್ನುತ್ತಾರೆ, ನಮ್ಮ ಹೋಬಳಿಯದೇ ಇರಬೇಕು ಅನ್ನಿಸುತ್ತದೆ. ಇದನ್ನು ಫ್ಲಾನಗನ್ ಒಂದೇ ಸಂಜೆ ಮೂರು ಸಲ ಆಡಿಸಿದರು. ಮೊದಲು ಮನೆಯಲ್ಲಿ ನಡೆದ ಹಾಗೆಯೇ, ಸಹಜವಾಗಿ. ಎರಡನೆಯ ಸಲ ಮನಸ್ಸಿನೊಳಗಿನ ಭಯ, ಆಸೆಗಳೇ ಎದ್ದು ಕಾಣುವ ಹಾಗೆ. ಮೂರನೆಯ ಸಲ ಗೋಡೆ ಬಾಗಿಲುಗಳೇ ಇಲ್ಲದ ರಂಗದ ಮೇಲೆ, ನಟರ ದೇಹದ ಕಸರತ್ತನ್ನೇ ನೆಚ್ಚಿಕೊಂಡು. ಮಾತು ಅದೇ. ಅರ್ಥ ಮೂರು. ನಾನು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಮೊದಲ ದಿನ ಹೇಳುವ ಕಥೆ ಇದು. ಒಂದು ನಾಟಕವನ್ನು ಹೀಗೆಯೇ ಆಡಬೇಕು ಎಂದು ಯಾರೂ ಬರೆದುಕೊಟ್ಟಿಲ್ಲ, ಆರಿಸಬೇಕು. ಆರಿಸಿದ್ದಕ್ಕೆ ಕಾರಣ ಹೇಳಬೇಕು.

1931ರ ಜನವರಿಯಲ್ಲಿ ಅರ್ಕನ್ಸಾ ರಾಜ್ಯದಲ್ಲಿ ಬರದಿಂದ ಕಂಗೆಟ್ಟ ರೈತರು ಪೇಟೆಗೆ ನುಗ್ಗಿ, ನಮ್ಮ ಮಕ್ಕಳಿಗೆ ಅನ್ನ ಕೊಡಿ ಎಂದು ಕೂತರು. ಆ ಘಟನೆ ಮೇಲೆ ಬಂದ ಒಂದು ಕಥೆಯನ್ನು ಹಿಡಿದು, ಹಳೆಯ ವಿದ್ಯಾರ್ಥಿನಿಯೊಬ್ಬರ ಜೊತೆ ಕೂತು, ಫ್ಲಾನಗನ್ ನಾಟಕ ಕಟ್ಟಿದರು. ಅದೇ ವರ್ಷ ಮೇ ತಿಂಗಳಲ್ಲಿ ಅದು ರಂಗಕ್ಕೆ ಬಂತು. ವ್ಯಾಸರ್ ಉಳ್ಳವರ ಮನೆಯ ಹೆಣ್ಣುಮಕ್ಕಳ ಕಾಲೇಜು. ಆ ಹುಡುಗಿಯರು ಹಾಲಿಲ್ಲದ ಕೂಸಿನ ತಾಯಿಯಾಗಿ ನಿಂತರು. ಮುಂದಿನ ದೃಶ್ಯದಲ್ಲೇ ವಾಷಿಂಗ್ಟನ್ನಿನ ದೊಡ್ಡ ಮನೆಯೊಂದರ ಔತಣ. ಇದು ಹುಡುಗಿಯರ ಸ್ವಂತ ಮನೆಯನ್ನೇ ರಂಗದ ಮೇಲೆ ಇಟ್ಟ ಹಾಗೆ. ನಾಟಕ ಬೇರೆ ಬೇರೆ ಊರಿನ ತಂಡಗಳಿಗೂ ಹರಡಿತು.

ಆ ಹೊತ್ತಿಗೆ ಅಮೆರಿಕದಲ್ಲಿ ದೊಡ್ಡ ಮುಗ್ಗಟ್ಟು. ಬ್ಯಾಂಕುಗಳು ಮುಳುಗಿದವು, ಕಾರ್ಖಾನೆಗಳು ನಿಂತವು. ಮಾತಾಡುವ ಸಿನಿಮಾ ಬಂದು ನಾಟಕದವರ ಹೊಟ್ಟೆಗೆ ಮೊದಲೇ ಕಲ್ಲು ಬಿದ್ದಿತ್ತು. ರೂಸ್‌ವೆಲ್ಟ್ ಸರ್ಕಾರ ನಿರುದ್ಯೋಗಿಗಳಿಗೆ ರಸ್ತೆ, ಸೇತುವೆ, ಶಾಲೆ ಕಟ್ಟುವ ಕೆಲಸ ಕೊಡುತ್ತಿತ್ತು. ನಮ್ಮ ಉದ್ಯೋಗ ಖಾತರಿ ಇದ್ದ ಹಾಗೆ ಎಂದುಕೊಳ್ಳಿ. ಅದರ ಮುಖ್ಯಸ್ಥ ಹ್ಯಾರಿ ಹಾಪ್‌ಕಿನ್ಸ್ ಕೂಡ ಗ್ರಿನೆಲ್ ಕಾಲೇಜಿನವರೇ. ಅವರು ಕೇಳಿದ್ದು ಇಷ್ಟು: ನಟನಿಗೂ ಹೊಟ್ಟೆಯಿದೆ, ಅವನ ಕೈಗೆ ಗುದ್ದಲಿ ಯಾಕೆ ಕೊಡಬೇಕು, ನಾಟಕವನ್ನೇ ಯಾಕೆ ಕೊಡಬಾರದು? 1935ರ ಆಗಸ್ಟ್‌ನಲ್ಲಿ ‘ಫೆಡರಲ್ ಥಿಯೇಟರ್’ ಎಂಬ ಯೋಜನೆಗೆ ಫ್ಲಾನಗನ್ ನಿರ್ದೇಶಕಿಯಾದರು. ದೊಡ್ಡ ಕಂಪನಿ ಮಾಲೀಕರನ್ನು ಬಿಟ್ಟು ಒಬ್ಬ ಕಾಲೇಜು ಮೇಡಂ ಕೈಗೆ ಕೊಟ್ಟದ್ದಕ್ಕೆ ಬ್ರಾಡ್‌ವೇಯಲ್ಲಿ ಹಲವರು ಮೂಗು ಮುರಿದರು.

ನಾಲ್ಕು ವರ್ಷ. ಒಂದು ಹಂತದಲ್ಲಿ 12,000ಕ್ಕೂ ಹೆಚ್ಚು ಜನ ಆ ಯೋಜನೆಯಲ್ಲಿ ಸಂಬಳ ಪಡೆಯುತ್ತಿದ್ದರು. ನ್ಯೂಯಾರ್ಕಿನಲ್ಲಿ ವಾರಕ್ಕೆ 23 ಡಾಲರ್ 86 ಸೆಂಟ್. ಹತ್ತರಲ್ಲಿ ಒಂಬತ್ತು ಜನ ಪರಿಹಾರದ ಪಟ್ಟಿಯಲ್ಲಿದ್ದವರೇ ಆಗಿರಬೇಕು ಎಂಬ ನಿಯಮದಿಂದ ಶುರುವಾದ ಯೋಜನೆ ಅದು. ಹಾಗಾಗಿ ಬೊಂಬೆಯಾಟದವರು, ಸರ್ಕಸ್ಸಿನವರು, ವಯಸ್ಸಾದ ವಿದೂಷಕರು ಎಲ್ಲರೂ ಬಂದರು. ಶಾಲೆಗಳಲ್ಲಿ, ಉದ್ಯಾನಗಳಲ್ಲಿ, ಕಾಡಿನ ಕೂಲಿ ಶಿಬಿರಗಳಲ್ಲಿ ನಾಟಕ ಆಡಿದರು. ಬಹಳಷ್ಟು ಕಡೆ ಪುಕ್ಕಟೆ. ಹಾರ್ಲೆಮ್‌ನಲ್ಲಿ 1936ರಲ್ಲಿ ಕರಿಯ ಜನಾಂಗದ ನಟರೇ ಎಲ್ಲ ಪಾತ್ರ ವಹಿಸಿದ ‘ಮ್ಯಾಕ್‌ಬೆತ್’ ಬಂತು. ಅದನ್ನು ಆಡಿಸಿದ ಆರ್ಸನ್ ವೆಲ್ಸ್‌ಗೆ ಆಗ ಇಪ್ಪತ್ತು ವರ್ಷ. ಅದೇ ವರ್ಷ ಅಕ್ಟೋಬರ್ 27ರ ರಾತ್ರಿ ಸಿಂಕ್ಲೇರ್ ಲೂಯಿಸ್‌ನ ಕಾದಂಬರಿಯಿಂದ ಮಾಡಿದ ಒಂದು ನಾಟಕ, ಅಮೆರಿಕದಲ್ಲೂ ಸರ್ವಾಧಿಕಾರಿ ಬಂದರೆ ಹೇಗಿರುತ್ತದೆ ಎಂಬ ಕಥೆ, ಬೇರೆ ಬೇರೆ ಊರುಗಳ 21 ರಂಗಮಂದಿರಗಳಲ್ಲಿ ಒಟ್ಟಿಗೇ ತೆರೆ ಎಳೆಯಿತು. ನ್ಯೂಯಾರ್ಕಿನಲ್ಲಿ ಯಿಡ್ಡಿಷ್ ಭಾಷೆಯಲ್ಲಿ, ಟ್ಯಾಂಪಾದಲ್ಲಿ ಸ್ಪ್ಯಾನಿಷ್‌ನಲ್ಲಿ.

ಆದರೆ ನನ್ನಂಥ ಮೇಷ್ಟ್ರಿಗೆ ಇಷ್ಟವಾಗುವುದು ಅವರ ‘ಜೀವಂತ ಪತ್ರಿಕೆ’. ಇದಕ್ಕೆ ಪತ್ರಿಕಾ ಕಚೇರಿಯ ಹಾಗೆಯೇ ಸಂಪಾದಕರು, ವರದಿಗಾರರು ಇದ್ದರು. ಕೆಲಸವಿಲ್ಲದ ಪತ್ರಕರ್ತರು ಅಂಕಿಅಂಶ, ಕೋರ್ಟಿನ ತೀರ್ಪು, ಕಡತ ಎಲ್ಲ ಹುಡುಕಿ ತರುತ್ತಿದ್ದರು, ಅದು ನಾಟಕವಾಗುತ್ತಿತ್ತು. 1936ರ ಮಾರ್ಚ್‌ನಲ್ಲಿ ಬಂದ ಒಂದು ‘ಪತ್ರಿಕೆ’ ಪೂರ್ತಿ ರೈತರದ್ದು. ಅದರಲ್ಲೊಂದು ಚಿಕ್ಕ ದೃಶ್ಯ. ಬೆಳೆಗೆ ಬೆಲೆಯಿಲ್ಲ, ನಾನು ಮೋಟಾರು ಕೊಳ್ಳಲಾರೆ ಎನ್ನುತ್ತಾನೆ ರೈತ. ಹಾಗಾದರೆ ನಾನು ಸರಕು ತರಿಸಲಾರೆ ಎನ್ನುತ್ತಾನೆ ಅಂಗಡಿಯವನು. ಹಾಗಾದರೆ ನಿನಗೆ ಕೆಲಸ ಕೊಡಲಾರೆ ಎಂದು ಕಾರ್ಖಾನೆಯವನು ಕೂಲಿಗೆ ಹೇಳುತ್ತಾನೆ. ಹಾಗಾದರೆ ನಾನು ಉಣ್ಣಲಾರೆ ಎನ್ನುತ್ತಾನೆ ಕೂಲಿ. ಬೆಳೆದವನಿಗೆ ಬೆಲೆಯಿಲ್ಲ, ಉಣ್ಣುವವನಿಗೆ ಅನ್ನವಿಲ್ಲ. ಬೆಲೆ ಬಿದ್ದ ದಿನ ಟೊಮ್ಯಾಟೊವನ್ನು ರಸ್ತೆಗೆ ಸುರಿದದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಅರ್ಥಶಾಸ್ತ್ರದ ಅಧ್ಯಾಯವನ್ನು ನಾಲ್ಕು ಜನ ನಿಂತು ನಾಲ್ಕು ಮಾತಿನಲ್ಲಿ ಮುಗಿಸಿದರು.

ಎಲ್ಲವೂ ಹೀಗೆ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಕೆಲವು ‘ಪತ್ರಿಕೆ’ಗಳು ಸರ್ಕಾರದ ಯೋಜನೆಗಳ ಪರವಾಗಿ ಡಂಗುರ ಹೊಡೆದವು, ವಿದ್ಯುತ್ತಿನ ಬಗ್ಗೆ ಬಂದದ್ದನ್ನು ಓದಿದರೆ ಇವತ್ತು ಭಾಷಣದ ಹಾಗೆ ಕೇಳುತ್ತದೆ. ಇನ್ನು ಸರ್ಕಾರದ ದುಡ್ಡಿನಲ್ಲಿ ನಾಟಕ ಎಂದರೆ ಸರ್ಕಾರದ ಕತ್ತರಿಯೂ ಜೊತೆಗೇ ಬರುತ್ತದೆ. ಮೊಟ್ಟಮೊದಲ ‘ಪತ್ರಿಕೆ’ ಇಥಿಯೋಪಿಯಾದ ಮೇಲೆ ನಡೆದ ಆಕ್ರಮಣದ ಬಗ್ಗೆ ಇತ್ತು. ಪರದೇಶದ ಮುಖ್ಯಸ್ಥರನ್ನು ರಂಗದ ಮೇಲೆ ತರಬಾರದೆಂದು ಮೇಲಿನಿಂದ ಆಜ್ಞೆ ಬಂದು ಅದು ಜನರ ಮುಂದೆ ಬರಲೇ ಇಲ್ಲ. ನ್ಯೂಯಾರ್ಕ್ ವಿಭಾಗ ನೋಡಿಕೊಳ್ಳುತ್ತಿದ್ದ ನಾಟಕಕಾರ ಎಲ್ಮರ್ ರೈಸ್ ರಾಜೀನಾಮೆ ಕೊಟ್ಟು ಹೊರಟರು. ಫ್ಲಾನಗನ್ ಉಳಿದರು. ಸಾವಿರಾರು ಜನರ ಸಂಬಳ ಕೈಯಲ್ಲಿಟ್ಟುಕೊಂಡವರಿಗೆ ರಾಜೀನಾಮೆ ಅಷ್ಟು ಸುಲಭದ್ದಲ್ಲ. ಇದನ್ನು ಅಳೆಯುವಾಗ ನನ್ನ ತಕ್ಕಡಿ ಇನ್ನೂ ಅಲ್ಲಾಡುತ್ತಿದೆ.

1938ರ ಡಿಸೆಂಬರ್ 6ರಂದು ಅಮೆರಿಕದ ಸಂಸತ್ತಿನ ಒಂದು ಸಮಿತಿಯ ಮುಂದೆ ಅವರನ್ನು ಕೂರಿಸಿದರು. ಆರೋಪ ಏನೆಂದರೆ, ಈ ನಾಟಕ ಯೋಜನೆ ಕಮ್ಯುನಿಸ್ಟರ ಅಡ್ಡೆಯಾಗಿದೆ ಎಂಬುದು. ರಷ್ಯಾಕ್ಕೆ ಯಾಕೆ ಹೋಗಿದ್ದಿರಿ ಎಂಬುದೂ ಬಂತು. ಅವರ ಹಳೆಯ ಲೇಖನವೊಂದರಲ್ಲಿ ಮಾರ್ಲೋ ಹೆಸರಿನ ಮಾತೊಂದಿತ್ತು. ಸ್ಟಾರ್ನ್ಸ್ ಎಂಬ ಸದಸ್ಯರು ಅದನ್ನು ಎತ್ತಿ ಹಿಡಿದು, ಈ ಮಾರ್ಲೋ ಕಮ್ಯುನಿಸ್ಟನೇ ಎಂದು ಕೇಳಿದರು. ಮಾರ್ಲೋ ಎಂದರೆ ಷೇಕ್ಸ್‌ಪಿಯರ್‌ಗಿಂತ ಸ್ವಲ್ಪ ಮೊದಲಿನ ನಾಟಕಕಾರ, 1593ರಲ್ಲೇ ಸತ್ತವನು! ಸಭೆ ಘೊಳ್ಳೆಂದು ನಕ್ಕಿತು. ನಾವೂ ತರಗತಿಯಲ್ಲಿ ಈ ಕಥೆ ಹೇಳಿ ನಗುತ್ತೇವೆ. ಆದರೆ ತಾನು ನಗಲಿಲ್ಲ ಎಂದು ಫ್ಲಾನಗನ್ ಆಮೇಲೆ ಬರೆದರು. ಕೇಳುವ ಮೊದಲೇ ತೀರ್ಪು ಬರೆದುಕೊಂಡವರ ಮುಂದೆ ಎಂಟು ಸಾವಿರ ಜನರ ಕೆಲಸ ತೂಗುತ್ತಿತ್ತು. ಮಾರ್ಲೋ ಯಾರೆಂಬುದನ್ನು ದಾಖಲೆಗೆ ಹಾಕಿಕೊಳ್ಳಿ ಎಂದು ಶಾಂತವಾಗಿ ಹೇಳಿ ಪಾಠ ಮಾಡಿದರು. ಕೊನೆಯಲ್ಲಿ ಇನ್ನೊಂದು ಮಾತು ಹೇಳಬೇಕಿತ್ತು ಎಂದಾಗ ಊಟದ ಹೊತ್ತಾಯಿತೆಂದು ಸಭೆ ಎದ್ದಿತು. ಮತ್ತೆ ಕರೆಯಲಿಲ್ಲ.

1939ರ ಜೂನ್ 30ಕ್ಕೆ ಯೋಜನೆ ನಿಂತಿತು. ಆ ರಾತ್ರಿ ನ್ಯೂಯಾರ್ಕಿನ ರಿಟ್ಜ್ ರಂಗಮಂದಿರದಲ್ಲಿ ಮಕ್ಕಳ ನಾಟಕ ‘ಪಿನೋಕಿಯೋ’ದ ಕೊನೆಯ ಆಟ. ಮರದ ಗೊಂಬೆ ನಿಜವಾದ ಹುಡುಗನಾಗುವುದು ಆ ಕಥೆಯ ಕೊನೆ, ಮಕ್ಕಳಿಗೆಲ್ಲ ಗೊತ್ತು. ಅವತ್ತು ನಟರು ಕೊನೆಯನ್ನು ಬದಲಾಯಿಸಿದರು. ಗೊಂಬೆ ಸತ್ತುಹೋಯಿತು. ಅದನ್ನು ಪೈನ್ ಮರದ ಪೆಟ್ಟಿಗೆಯಲ್ಲಿ ಮಲಗಿಸಿ, ಹುಟ್ಟಿದ್ದು 1938ರ ಡಿಸೆಂಬರ್ 23, ಸಂಸತ್ತಿನ ಕಾಯ್ದೆಯಿಂದ ಸತ್ತದ್ದು 1939ರ ಜೂನ್ 30 ಎಂದು ಸಾರಿದರು. ಪ್ರೇಕ್ಷಕರ ಕಣ್ಣೆದುರೇ ರಂಗಸಜ್ಜಿಕೆ ಕಳಚಿದರು.

ಫ್ಲಾನಗನ್ ವ್ಯಾಸರ್‌ಗೆ ಮರಳಿದರು. 1940ರಲ್ಲಿ ಆ ನಾಲ್ಕು ವರ್ಷದ ಚರಿತ್ರೆಯನ್ನು ‘ಅರೀನಾ’ ಎಂಬ ಪುಸ್ತಕವಾಗಿ ಬರೆದರು. ಆಮೇಲೆ ಸ್ಮಿತ್ ಕಾಲೇಜಿನಲ್ಲಿ ಡೀನ್ ಆದರು, ಪಾಠ ಮಾಡಿದರು, ನಾಟಕ ಆಡಿಸಿದರು. ಪಾರ್ಕಿನ್‌ಸನ್ ಕಾಯಿಲೆಯಿಂದ ಬಹಳ ವರ್ಷ ನರಳಿ 1969ರಲ್ಲಿ ತೀರಿಕೊಂಡರು. ಆ ಯೋಜನೆಯ ಹಸ್ತಪ್ರತಿಗಳು, ಚಿತ್ರಗಳು, ಪೋಸ್ಟರುಗಳ ದೊಡ್ಡ ರಾಶಿ ಕಣ್ಮರೆಯಾಗಿತ್ತು. 1974ರಲ್ಲಿ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇಬ್ಬರು ಅಧ್ಯಾಪಕರು ಹುಡುಕುತ್ತಾ ಹೋದಾಗ ಅದು ಬಾಲ್ಟಿಮೋರ್ ಹತ್ತಿರದ ಹಳೆಯ ವಿಮಾನ ಹ್ಯಾಂಗರ್ ಒಂದರಲ್ಲಿ ಸಿಕ್ಕಿತು. ಇದನ್ನು ಕೇಳಿದ ಮೇಲೆ ನಮ್ಮ ಶಾಲೆಯ ಸ್ಟಾಫ್ ರೂಮಿನ ಅಟ್ಟದ ಮೇಲಿರುವ ತಗಡಿನ ಟ್ರಂಕನ್ನು ಯಾರಾದರೂ ಇಳಿಸಿ ನೋಡಬೇಕು ಎಂದು ನನ್ನ ಕೋರಿಕೆ. ಹಳೆಯ ವಾರ್ಷಿಕೋತ್ಸವದ ಫೋಟೋಗಳು ಗೆದ್ದಲಿಗೆ ಊಟವಾಗುವ ಮೊದಲೇ.

ನಮ್ಮ ಶಾಲೆಯಲ್ಲಿ ಹನ್ನೊಂದು ವರ್ಷ ನಾಟಕ ನಿಂತಿತ್ತು. ಹತ್ತನೇ ತರಗತಿಯ ಫಲಿತಾಂಶದ ಒತ್ತಡ, ತಾಲೀಮಿಗೆ ಸಮಯವಿಲ್ಲ, ಹೆಣ್ಣುಮಕ್ಕಳನ್ನು ಸಂಜೆ ನಿಲ್ಲಿಸಿಕೊಳ್ಳುವುದು ಕಷ್ಟ. ಕಾರಣಗಳು ಸುಳ್ಳಲ್ಲ. ವಾರ್ಷಿಕೋತ್ಸವಕ್ಕೆ ಸಿನಿಮಾ ಹಾಡಿನ ಕುಣಿತ ಸಾಕಾಯಿತು, ಮೂರು ದಿನದಲ್ಲಿ ಕಲಿಯಬಹುದು. ಈ ಸಲ ಸುವರ್ಣ ಮಹೋತ್ಸವ ಎಂಬ ನೆಪದಲ್ಲಿ ಕನ್ನಡದ ಮೇಡಂ ಒಂಬತ್ತನೇ ತರಗತಿಯ ಮಕ್ಕಳನ್ನು ಒಂದೂವರೆ ತಿಂಗಳು ತಾಲೀಮು ಮಾಡಿಸಿದ್ದಾರೆ. ನಾನು ನಾಲ್ಕು ಶನಿವಾರ ಬಂದು ಮೂಲೆಯಲ್ಲಿ ಕೂತಿದ್ದೆ. ನಾನು ಒಂದು ಮಾತನ್ನೂ ಹೇಳಿಕೊಡಲಿಲ್ಲ, ಪ್ರಶ್ನೆ ಮಾತ್ರ ಕೇಳಿದೆ. ಅಜ್ಜಿಯ ಪಾತ್ರದ ಹುಡುಗಿಗೆ, ನೀನು ಬಾಗಿಲ ಹತ್ತಿರ ಯಾಕೆ ನಿಲ್ಲುತ್ತೀಯಮ್ಮ ಎಂದೆ. ಮೇಡಂ ನಿಲ್ಲು ಅಂದ್ರು ಸಾರ್ ಎಂದಳು. ಮುಂದಿನ ಶನಿವಾರ ಅದೇ ಪ್ರಶ್ನೆಗೆ, “ಒಳಗಡೆ ಸೊಸೆ ಇದಾಳೆ, ಹೊರಗಡೆ ಮಗ ಇದಾನೆ, ಇಬ್ಬರದ್ದೂ ಕೇಳಿಸ್ಬೇಕು ಸಾರ್” ಎಂದಳು. ನಾಟಕದ ಮೇಷ್ಟ್ರಿಗೆ ಏನು ಕೆಲಸ ಎಂದರೆ ಆ ಎರಡು ಶನಿವಾರಗಳ ನಡುವೆ ಆದದ್ದು.

ಮುಂದಿನ ವರ್ಷವೂ ನಾಟಕ ಇರಬೇಕೇ, ಅದಕ್ಕೆ ವಾರಕ್ಕೊಂದು ಪೀರಿಯಡ್ಡು ಬಿಡಬೇಕೇ ಎಂದು ಎಸ್‌ಡಿಎಂಸಿ ಸಭೆ ಬರುವ ತಿಂಗಳು ತೀರ್ಮಾನಿಸುತ್ತದೆ. ಆ ಸಭೆಯಲ್ಲಿ ನನಗೆ ಮತವಿಲ್ಲ. ಇಲ್ಲಿ ಕೂತಿರುವ ತಂದೆತಾಯಂದಿರ ಮಾತಿಗೆ ಅಲ್ಲಿ ಬೆಲೆಯಿದೆ. ನೋಡಿದ ಮೇಲೆ ಹೇಳಿ, ನೋಡುವ ಮೊದಲೇ ಬೇಡ.

ಅದಕ್ಕಾಗಿ ಬೇಕರ್ ಮೇಷ್ಟ್ರ ಷರತ್ತನ್ನು ಇವತ್ತು ರಾತ್ರಿ ನಿಮ್ಮ ಮೇಲೂ ಹಾಕುತ್ತಿದ್ದೇವೆ. ಏಳು ಗಂಟೆಗೆ ನಾಟಕ ಶುರು, ಒಂದು ಗಂಟೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಒಳಗೆ ಬರುವಾಗ ಎಂಟನೇ ತರಗತಿಯ ಮಕ್ಕಳು ಪ್ರತಿಯೊಬ್ಬರ ಕೈಗೂ ಒಂದು ಚೀಟಿ ಕೊಡುತ್ತಾರೆ. ಹೆಸರು ಬರೆಯಬೇಡಿ. ಚೆನ್ನಾಗಿತ್ತು ಎಂದಷ್ಟೇ ಬರೆದ ಚೀಟಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಲ್ಲಿ ಮಾತು ಕೇಳಿಸಲಿಲ್ಲ, ಎಲ್ಲಿ ಆಕಳಿಕೆ ಬಂತು, ಯಾರ ಮೇಲೆ ಸಿಟ್ಟು ಬಂತು, ಅದನ್ನು ಬರೆಯಿರಿ. ಬರೆಯಲು ಬಾರದವರು ಹೇಳಿದರೆ ಮಕ್ಕಳು ಬರೆದುಕೊಳ್ಳುತ್ತಾರೆ, ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕೆಂದು ಅವರಿಗೆ ಹೇಳಿದ್ದೇವೆ. ಗೇಟಿನ ಪಕ್ಕ ಹೊಂಗೆ ಮರದ ಕೆಳಗೆ ಡಬ್ಬವಿದೆ. ಇವತ್ತು ಆಗದಿದ್ದವರು ಬುಧವಾರ ಬೆಳಿಗ್ಗೆ ಪ್ರಾರ್ಥನೆಯ ಗಂಟೆ ಹೊಡೆಯುವುದರೊಳಗೆ ಹೆಡ್‌ಮಾಸ್ಟರ ಕೊಠಡಿಗೆ ತಲುಪಿಸಿದರೆ ಸಾಕು.